ಓದುಗರ ಪ್ರಶ್ನೆ, ನಮ್ಮ ಉತ್ತರ: ಸಾವಿರ ಪುಟದ ಕೆಥೆಡ್ರಲ್

ಕೆನ್ ಫಾಲೆಟ್ ಅವರ ‘ದಿ ಪಿಲ್ಲರ್ಸ್ ಆಫ್ ದಿ ಅರ್ಥ್’ (1989) ಕಾದಂಬರಿಯನ್ನು ಕುರಿತು ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಆಯ್ದುಕೊಳ್ಳಲಾಗಿದೆ. ಹನ್ನೆರಡನೆಯ ಶತಮಾನದ ಇಂಗ್ಲೆಂಡಿನಲ್ಲಿ, ಸ್ಟೀಫನ್ ಮತ್ತು ಮೊಡ್ ಸಿಂಹಾಸನಕ್ಕಾಗಿ ಕಾದಾಡುತ್ತಿದ್ದ ಕಾಲದಲ್ಲಿ, ಕಿಂಗ್ಸ್‌ಬ್ರಿಜ್ ಎಂಬ ಊರಿನಲ್ಲಿ ಒಂದು ಕೆಥೆಡ್ರಲ್ (ಬಿಷಪ್ಪರ ಪೀಠವಿರುವ ದೊಡ್ಡ ಚರ್ಚು) ಏಳುವುದೇ ಇದರ ಕಥೆ.

ಪ್ರಶ್ನೆ: ಮುನ್ನೂರು ಪುಟ ಓದಿ ಕೈಬಿಟ್ಟೆ. ವಿಲಿಯಂ ಹ್ಯಾಮ್ಲೀ ಬರುತ್ತಾನೆ, ಸುಡುತ್ತಾನೆ, ಹೋಗುತ್ತಾನೆ, ಮತ್ತೆ ಬರುತ್ತಾನೆ. ಮುಂದುವರಿಸಬೇಕೇ? – ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ತಮ್ಮ ದೂರಿನಲ್ಲಿ ಹುರುಳಿದೆ. ಫಾಲೆಟ್ ಗೂಢಚರ್ಯೆಯ ರೋಚಕ ಕಾದಂಬರಿಗಳಿಂದ ಹೆಸರು ಮಾಡಿದವರಾದ್ದರಿಂದ, ಒಳ್ಳೆಯವರಿಗೆ ಒಂದು ಗೆಲುವು ಸಿಕ್ಕ ಕೂಡಲೇ ಕೆಟ್ಟವರಿಂದ ಒಂದು ಏಟು ಬೀಳಲೇಬೇಕೆಂಬ ಲೆಕ್ಕಾಚಾರವನ್ನು ಇಲ್ಲಿಯೂ ಬಿಟ್ಟಿಲ್ಲ. ಆದರೆ ಈ ಪುಸ್ತಕದ ನಿಜವಾದ ನಾಯಕ ಕಟ್ಟಡವೇ. ಮಠದ ಮುಖ್ಯಸ್ಥ ಫಿಲಿಪ್ ಕಲ್ಲಿಗಾಗಿ ಗಣಿಯ ಹಕ್ಕನ್ನೂ, ಕೂಲಿಯ ಹಣಕ್ಕಾಗಿ ಸಂತೆ ನಡೆಸುವ ಅಪ್ಪಣೆಯನ್ನೂ ಅರಸನಿಂದ ಬೇಡಿ ತರುವ ಭಾಗಗಳು ಯಾವ ಕಾಳಗಕ್ಕಿಂತಲೂ ಬಿಗಿಯಾಗಿವೆ. ಕೂಲಿಗೆ ಹಣ ಸಾಲದಾದಾಗ, ಬಂದು ದುಡಿದವರಿಗೆ ಪಾಪಕ್ಷಮೆಯೆಂದು ಅವನು ಸಾರುತ್ತಾನೆ. ಇದು ಬರೀ ಕಲ್ಪನೆಯಲ್ಲ: 1145ರಲ್ಲಿ ಫ್ರಾನ್ಸಿನ ಶಾರ್ತ್ರ್‌ನಲ್ಲಿ ಜನರು ಎತ್ತುಗಳಂತೆ ತಾವೇ ನೊಗಕ್ಕೆ ಹೆಗಲು ಕೊಟ್ಟು ಕಲ್ಲಿನ ಬಂಡಿಗಳನ್ನು ಎಳೆದರೆಂದು ಆ ಕಾಲದವರೇ ಬರೆದಿಟ್ಟಿದ್ದಾರೆ. ಹ್ಯಾಮ್ಲೀ ಬಂದಾಗ ಹಾಳೆ ಮಗುಚಿ, ಕಲ್ಲು ಬಂದಾಗ ನಿಲ್ಲಿ. ನಾನೂ ಎರಡನೆಯ ಓದಿನಲ್ಲಿ ಹಾಗೆಯೇ ಮಾಡಿದೆ.

ಪ್ರಶ್ನೆ: ಕಿಂಗ್ಸ್‌ಬ್ರಿಜ್ ಕೆಥೆಡ್ರಲನ್ನು ಹೋಗಿ ನೋಡಬಹುದೇ? – ಗೃಹಿಣಿ, ಶಿವಮೊಗ್ಗ

ಉತ್ತರ: ಇಲ್ಲ, ಅದು ಕಲ್ಪಿತ. ಡೆವನ್‌ನಲ್ಲಿ ಅದೇ ಹೆಸರಿನ ಊರೊಂದಿದೆ, ಅಲ್ಲಿ ಕೆಥೆಡ್ರಲ್ ಇಲ್ಲ. ಇಂಗ್ಲೆಂಡಿಗೆ ಹೋಗುವ ಯೋಗ ಬಂದರೆ ಸಾಲಿಸ್‌ಬರಿಯನ್ನು ನೋಡಿ. 1220ರಲ್ಲಿ ಅಡಿಗಲ್ಲು ಹಾಕಿ 1258ರ ಹೊತ್ತಿಗೆ ಮುಖ್ಯ ಕಟ್ಟಡವನ್ನು ಮುಗಿಸಿದ್ದರು. ಆ ಕಾಲಕ್ಕೆ ಇದು ಅವಸರದ ಕೆಲಸವೇ ಸರಿ.

ಪ್ರಶ್ನೆ: ಹೊಸ ಕಲ್ಲಿನ ಚಾವಣಿ ಪೂಜೆಯ ಹೊತ್ತಿನಲ್ಲೇ ಜನರ ಮೇಲೆ ಕುಸಿಯುತ್ತದೆ. ಇದು ಕಥೆಗಾರನ ಉತ್ಪ್ರೇಕ್ಷೆಯಲ್ಲವೇ? ಮೊನಚು ಕಮಾನಿನಿಂದ ಎಲ್ಲವೂ ಸರಿಹೋಯಿತೆಂಬುದನ್ನೂ ನಂಬಲಾಗಲಿಲ್ಲ. – ಸಿವಿಲ್ ಎಂಜಿನಿಯರ್, ಹಾಸನ

ಉತ್ತರ: ಕುಸಿತ ಉತ್ಪ್ರೇಕ್ಷೆಯಲ್ಲ. ಮರದ ಚಾವಣಿಗೆಂದು ಎಬ್ಬಿಸಿದ ಗೋಡೆಗಳ ಮೇಲೆ ಕಾದಂಬರಿಯ ಮೇಸ್ತ್ರಿ ಆಲ್ಫ್ರೆಡ್ ಕಲ್ಲಿನ ಚಾವಣಿಯನ್ನು ಹೊರಿಸುತ್ತಾನೆ. ತಮ್ಮ ಜಿಲ್ಲೆಯ ಬೇಲೂರಿನಲ್ಲಿ ಕಂಬದ ಮೇಲೆ ತೊಲೆ ಕೂತು ಭಾರ ನೇರವಾಗಿ ನೆಲಕ್ಕಿಳಿಯುತ್ತದೆ. ಕಮಾನು ಹಾಗಲ್ಲ, ಅದು ತನ್ನ ಕಾಲುಗಳನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಆ ತಳ್ಳುವಿಕೆಯನ್ನು ತಡೆಯುವ ಆಸರೆ ಗೋಡೆಗೆ ಇಲ್ಲದಿದ್ದರೆ, ಮೊದಲು ಒಂದು ಸಣ್ಣ ಬಿರುಕು, ಒಂದಿಷ್ಟು ಉದುರುವ ಗಾರೆ, ಆಮೇಲೆ ಎಲ್ಲವೂ ಒಮ್ಮೆಗೇ. 1284ರಲ್ಲಿ ಫ್ರಾನ್ಸಿನ ಬೋವೆ ಕೆಥೆಡ್ರಲಿನಲ್ಲಿ ಸುಮಾರು 48 ಮೀಟರ್ ಎತ್ತರದ ಕಮಾನು ಚಾವಣಿ, ಮುಗಿದು ಹನ್ನೆರಡೇ ವರ್ಷಗಳಲ್ಲಿ, ಭಾಗಶಃ ಕುಸಿದುಬಿತ್ತು.

ಕಟ್ಟುವವರ ಪಾಡೂ ಹಾಗೆಯೇ ಇತ್ತು. 1174ರ ಬೆಂಕಿಯ ನಂತರ ಇಂಗ್ಲೆಂಡಿನ ಕ್ಯಾಂಟರ್ಬರಿ ಕೆಥೆಡ್ರಲನ್ನು ಮತ್ತೆ ಕಟ್ಟಲು ಬಂದ ಫ್ರಾನ್ಸಿನ ಮೇಸ್ತ್ರಿ ಸಾನ್ಸ್‌ನ ವಿಲಿಯಂ, 1178ರಲ್ಲಿ ಚಾವಣಿಯ ಕೆಲಸದಲ್ಲಿದ್ದಾಗ ಕಾಲಡಿಯ ಸಾರುವೆ ಮುರಿದು ಸುಮಾರು ಐವತ್ತು ಅಡಿ ಕೆಳಕ್ಕೆ ಬಿದ್ದ. ಮೈ ಮೇಲೇಳದಿದ್ದರೂ ಕೆಲವು ಕಾಲ ಹಾಸಿಗೆಯಿಂದಲೇ ಮೇಸ್ತ್ರಿಕೆ ನಡೆಸಿ, ಕೊನೆಗೆ ಫ್ರಾನ್ಸಿಗೆ ಮರಳಿದ. ಕ್ಯಾಂಟರ್ಬರಿಯ ಸನ್ಯಾಸಿ ಜರ್ವೇಸ್ ಇದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಫಾಲೆಟ್ ಅವರ ಯಾವ ದುರಂತವೂ ನನ್ನನ್ನು ಆ ಹಾಸಿಗೆಯಷ್ಟು ಕಾಡಿಲ್ಲ.

ತಮ್ಮ ಎರಡನೆಯ ಸಂದೇಹಕ್ಕೆ ಆಧಾರವಿದೆ. ಅರೆವೃತ್ತದ ಕಮಾನಿನ ಎತ್ತರ ಅದರ ಅಗಲದ ಅರ್ಧಕ್ಕೆ ಕಟ್ಟುಬಿದ್ದಿರುತ್ತದೆ. ಮೊನಚು ಕಮಾನನ್ನು ಅಗಲ ಎಷ್ಟೇ ಇರಲಿ, ಬೇಕಾದ ಎತ್ತರಕ್ಕೆ ಏರಿಸಬಹುದು, ಅದು ಹೊರಕ್ಕೆ ತಳ್ಳುವುದೂ ಕಡಿಮೆ. ಕಡಿಮೆಯೇ ಹೊರತು ಇಲ್ಲವೆಂದಲ್ಲ. ಆದ್ದರಿಂದಲೇ ಹೊರಗಿನಿಂದ ಗೋಡೆಗೆ ಆನಿಸಿದ ಅರ್ಧ ಕಮಾನುಗಳು ಬೇಕಾದವು. ಕಾದಂಬರಿಯ ಕಲ್ಲುಕುಟಿಗ ಜ್ಯಾಕ್ ಈ ವಿದ್ಯೆಯನ್ನು ಪ್ಯಾರಿಸ್ ಬಳಿಯ ಸೇಂಟ್ ಡೆನಿಯಿಂದ ತರುತ್ತಾನೆ. ಅಲ್ಲಿ ಮಠಾಧಿಪತಿ ಸೂಜೆ ಕಟ್ಟಿಸಿದ ಗರ್ಭಭಾಗಕ್ಕೆ 1144ರಲ್ಲಿ ಪ್ರತಿಷ್ಠೆಯಾದದ್ದು ನಿಜ. ಆದರೆ 1133ರ ಹೊತ್ತಿಗೇ ಇಂಗ್ಲೆಂಡಿನ ಡರ್ಹಮ್‌ನಲ್ಲಿ ಚಾವಣಿಯ ಅಡ್ಡ ಕಮಾನುಗಳು ಮೊನಚಾಗಿದ್ದವು, ಚಾವಣಿಗೆ ಆಧಾರವಾಗುವ ಕಲ್ಲಿನ ಪಟ್ಟಿಗಳಾದ ಪಕ್ಕೆಲುಬುಗಳೂ ಇದ್ದವು. ಸೇಂಟ್ ಡೆನಿ ಇವೆರಡನ್ನೂ ಸೇರಿಸಿ, ಗೋಡೆಯ ಜಾಗವನ್ನು ಬಣ್ಣದ ಗಾಜಿಗೆ ಬಿಟ್ಟುಕೊಟ್ಟಿತು. ಜ್ಯಾಕ್ ಉತ್ತರದ ಡರ್ಹಮ್‌ಗೆ ನಡೆದಿದ್ದರೂ ಅರ್ಧ ಪಾಠ ಸಿಗುತ್ತಿತ್ತು. ಆದರೆ ಕಡಲು ದಾಟುವ ಕಥೆ ಸಿಗುತ್ತಿರಲಿಲ್ಲ.

ಪ್ರಶ್ನೆ: ಅಲಿಯೆನಾಳ ಮೇಲಿನ ಅತ್ಯಾಚಾರವನ್ನು ಅಷ್ಟು ವಿವರವಾಗಿ ಬರೆಯುವ ಅಗತ್ಯವಿತ್ತೇ? ಮುಂದಿನ ಸಂಪುಟಗಳನ್ನು ಓದುವ ಧೈರ್ಯ ಬರುತ್ತಿಲ್ಲ. – ಉಪನ್ಯಾಸಕಿ, ಮಂಗಳೂರು

ಉತ್ತರ: ಇರಲಿಲ್ಲ. ಆ ಕಾಲ ಕ್ರೂರವಾಗಿತ್ತೆಂಬ ಸಮಾಧಾನವನ್ನು ಹಲವು ಓದುಗರು ಮುಂದಿಡುತ್ತಾರೆ. ಕಾಲದ ಕ್ರೌರ್ಯವನ್ನು ತೋರಿಸುವುದು ಬೇರೆ, ಹಿಂಸಕನ ಕಣ್ಣಿನಿಂದ ನೋಡುತ್ತ ನಿಲ್ಲುವುದು ಬೇರೆ. ವಿಲಿಯಂ ಹ್ಯಾಮ್ಲೀಯ ದೃಷ್ಟಿಯಿಂದ ಬರೆದ ಪುಟಗಳಲ್ಲಿ ಲೇಖಕರು ಬೇಕಾದುದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದಾರೆ. ಅದೇ ಅಲಿಯೆನಾ ಎಲ್ಲವನ್ನೂ ಕಳೆದುಕೊಂಡ ಮೇಲೆ ಉಣ್ಣೆಯ ವ್ಯಾಪಾರಕ್ಕಿಳಿದು ತನ್ನ ಕಾಲ ಮೇಲೆ ನಿಲ್ಲುವ ಭಾಗವನ್ನು ಎಷ್ಟು ಚೆನ್ನಾಗಿ ಬರೆದಿದ್ದಾರೆಂದರೆ, ಅವಳನ್ನು ಕಾಣಲು ಅವರಿಗೆ ಬೇರೆ ದಾರಿ ಗೊತ್ತಿತ್ತೆಂಬುದು ಅಲ್ಲೇ ತಿಳಿಯುತ್ತದೆ. ಮುಂದಿನವುಗಳಲ್ಲಿ ‘ವರ್ಲ್ಡ್ ವಿದೌಟ್ ಎಂಡ್’ (2007) ಒಂದನ್ನು ಪ್ರಯತ್ನಿಸಿ. ಅಲ್ಲಿಯೂ ಹಿಂಸೆಯಿದೆ, ಪ್ಲೇಗೂ ಇದೆ. ಆದರೆ ಅದೇ ಊರಿನಲ್ಲಿ ಎರಡು ಶತಮಾನಗಳ ನಂತರ ಒಂದು ಸೇತುವೆ ಕಟ್ಟುವ ಕಥೆಯೂ ಇದೆ. 2017ರ ‘ಎ ಕಾಲಮ್ ಆಫ್ ಫೈರ್’ ರಾಜಕಾರಣದ ಕಡೆಗೆ ಸರಿದಿದೆ. ಕಲ್ಲುಕುಟಿಗರಿಗಾಗಿ ಓದುವವರು ಅದನ್ನು ಬಿಟ್ಟರೆ ನಷ್ಟವಿಲ್ಲ.