2013ರ ಡೀಸೆಲ್ ಎಸ್‌ಯುವಿ, 1.7 ಲಕ್ಷ ಕಿ.ಮೀ. ಆಗಿದೆ. ಇನ್ನೆಷ್ಟು ವರ್ಷ ಓಡುತ್ತೆ?

ನೀವು ಮಂಡ್ಯದವರು, ಗಾಡಿ 2013ರದು, ಸರ್ವಿಸ್ ಒಂದೂ ತಪ್ಪಿಸಿಲ್ಲ. ಇನ್ನೆಷ್ಟು ವರ್ಷ ಬಾಳಿಕೆ ಬರುತ್ತೆ, ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸೋ ಹಾಗಿಲ್ಲ ಅಂತಾರಲ್ಲ ಅದು ನಿಜವಾ, ಈಗಲೇ ಮಾರಿಬಿಡೋದು ವಾಸಿನಾ ಅಂತ ಕೇಳಿದೀರಿ. ಯಾವ ಕಂಪನಿ ಗಾಡಿ ಅಂತ ಮಾತ್ರ ಬರೆದಿಲ್ಲ. ಅದೇ ಮುಖ್ಯ, ಯಾಕೆ ಅಂತ ಮುಂದೆ ಹೇಳ್ತೀನಿ.

ನಾನು ಮೈಸೂರಲ್ಲಿ ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರೋನು. ಮೆಕ್ಯಾನಿಕ್ ಅಲ್ಲ. ಆದ್ರೆ ಯಾವ ಗಾಡಿಗೆ ಎಷ್ಟು ವಯಸ್ಸಲ್ಲಿ ಏನು ಕೈಕೊಡುತ್ತೆ ಅನ್ನೋದು ಕೌಂಟರಲ್ಲಿ ಕೂತೋನಿಗೆ ಮೆಕ್ಯಾನಿಕ್‌ಗಿಂತ ಚೆನ್ನಾಗಿ ಗೊತ್ತಾಗುತ್ತೆ. ಅವರ ಹತ್ರ ಅವರ ಗಿರಾಕಿಗಳ ಗಾಡಿ ಮಾತ್ರ ಬರುತ್ತೆ, ನಮ್ಮ ಹತ್ರ ಹತ್ತಾರು ಗ್ಯಾರೇಜಿನ ಚೀಟಿ ಬರುತ್ತೆ.

ನೇರ ಉತ್ತರ ಬೇಕು ಅಂದ್ರೆ, ಚೆನ್ನಾಗಿ ನೋಡ್ಕೊಂಡ ಡೀಸೆಲ್ ಎಸ್‌ಯುವಿ ನಮ್ಮ ಕಡೆ 15ರಿಂದ 20 ವರ್ಷ, 3 ಲಕ್ಷ ಕಿ.ಮೀ. ಎಂಜಿನ್ ಇಳಿಸದೆ, ಅಂದ್ರೆ ಬಿಚ್ಚಿ ರಿಪೇರಿ ಮಾಡಿಸದೆ ಓಡುತ್ತೆ. ಇದು ಕೌಂಟರಲ್ಲಿ ಕೂತು ಕಂಡ ಲೆಕ್ಕ, ಯಾವ ಕಂಪನಿಯ ಗ್ಯಾರಂಟಿನೂ ಅಲ್ಲ. ಈಚಿನ ಸಣ್ಣ ಟರ್ಬೊ ಪೆಟ್ರೋಲ್ ಗಾಡಿಗಳಿಗೆ ನಾನು ಎರಡು, ಎರಡೂವರೆ ಲಕ್ಷ ಅಂತ ಹೇಳ್ತೀನಿ. ಬಾಡಿಗೆಗೆ ಓಡೋ ಹಳೇ ಕ್ವಾಲಿಸ್, ಇನೋವಾಗಳಲ್ಲಿ 4-5 ಲಕ್ಷ ದಾಟಿದವು ಅಪರೂಪ ಏನಲ್ಲ. ಅವು ಎಸ್‌ಯುವಿ ಅಲ್ಲ ಅಂತ ಜಗಳ ತೆಗೀಬೇಡಿ, ಕೆಳಗಿನ ಚಾಸಿ, ಎಂಜಿನ್ ಎಲ್ಲ ಅದೇ ಜಾತಿ.

ಇಂಟರ್ನೆಟ್ಟಲ್ಲಿ ಅಮೆರಿಕದ ಪಟ್ಟಿಗಳು ಸಿಗುತ್ತವೆ. 2022ರಲ್ಲಿ ಐಸೀಕಾರ್ಸ್ ಅನ್ನೋ ಸಂಸ್ಥೆ ಮಾಡಿದ ಪಟ್ಟಿಯಲ್ಲಿ ಟೊಯೋಟ ಸೆಕ್ವೊಯಾ ಮೊದಲನೇದು, 2,96,509 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 4.77 ಲಕ್ಷ ಕಿ.ಮೀ. ಅದನ್ನ ನೋಡಿ ಹಿಗ್ಗೋದೂ ಬೇಡ, ಕುಗ್ಗೋದೂ ಬೇಡ. ಅದು ಎಲ್ಲಾ ಗಾಡಿಗಳ ಸರಾಸರಿ ಅಲ್ಲ, ಅತಿ ಹೆಚ್ಚು ಓಡಿದ ನೂರಕ್ಕೆ ಒಂದು ಗಾಡಿಯ ಲೆಕ್ಕ. ಆ ಗಾಡಿ ಇಲ್ಲಿ ಮಾರಾಟಕ್ಕೂ ಇಲ್ಲ.

ನಾನು ಹೇಳಬೇಕು ಅಂತಿರೋದು ಬೇರೆ. ಗಾಡಿ ಗುಜರಿ ಸೇರೋದು ಎಂಜಿನ್ ಸವೆದು ಅಂತ ಜನ ತಿಳ್ಕೊಂಡಿದಾರೆ. ಹಾಗಲ್ಲ. ಮೂವತ್ತು-ನಲವತ್ತು ಸಾವಿರದ ಒಂದು ಪಾರ್ಟಿಗೆ ತಿಂಗಳುಗಟ್ಟಲೆ ಕಾಯಬೇಕಾದಾಗ, ಇಲ್ಲ ಸಿಗೋದೇ ಇಲ್ಲ ಅಂತಾದಾಗ ಓನರಿಗೆ ಸಾಕಾಗಿಹೋಗುತ್ತೆ. ಅಲ್ಲಿಗೆ ಗಾಡಿ ಮರದ ಕೆಳಗೆ ನಿಲ್ಲುತ್ತೆ. ನಿಂತ ಗಾಡಿ ಓಡೋ ಗಾಡಿಗಿಂತ ಬೇಗ ಕೆಡುತ್ತೆ. ಅದಕ್ಕೇ ಯಾವ ಕಂಪನಿ ಅಂತ ಕೇಳಿದ್ದು. ಬೊಲೆರೊ, ಸ್ಕಾರ್ಪಿಯೊ ಆಗಿದ್ರೆ ಮದ್ದೂರು, ಮಳವಳ್ಳಿ, ನಾಗಮಂಗಲ ಎಲ್ಲಿ ಕೆಟ್ಟು ನಿಂತ್ರೂ ರಿಪೇರಿ ಗೊತ್ತಿರೋರು ಸಿಗ್ತಾರೆ, ಪಾರ್ಟೂ ಅದೇ ದಿನ ಸಿಗುತ್ತೆ. ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸ್ತು, ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸೋದಾಗಿ ಹೇಳ್ತು. ಹೀಗೆ ಅಂಗಡಿ ಮುಚ್ಚಿದ ಕಂಪನಿಗಳ ಗಾಡಿಗೂ ಫಿಲ್ಟರ್, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್ ಚಿಂತೆ ಇಲ್ಲ, ಅದನ್ನ ಮಾಡೋ ಕಾರ್ಖಾನೆಗಳೇ ಬೇರೆ. ಕಷ್ಟ ಆಗೋದು ಹೆಡ್‌ಲೈಟ್, ಬಂಪರ್, ಬಾಗಿಲಿನ ರಬ್ಬರ್, ಎಲೆಕ್ಟ್ರಾನಿಕ್ ಡಬ್ಬಗಳಿಗೆ. ಅಂಥ ಗಾಡಿ ಇದ್ರೆ ಎಂಜಿನ್ ಎಷ್ಟು ಗಟ್ಟಿ ಅನ್ನೋದಕ್ಕಿಂತ ಒಂದು ಸಣ್ಣ ಆಕ್ಸಿಡೆಂಟ್ ಆಗದ ಹಾಗೆ ಓಡಿಸೋದೇ ಅದರ ಆಯಸ್ಸು.

ಇನ್ನು ನಿಜವಾಗ್ಲೂ ಎಂಜಿನ್ನೇ ಹೋದ ಗಾಡಿಗಳ ವಿಷಯ. ನಾನು ಕಂಡ ಹಾಗೆ ಅವುಗಳಲ್ಲಿ ಹೆಚ್ಚಿನವು ಸವೆದು ಹೋದವಲ್ಲ, ಕಾದು ಹೋದವು. ಸವೆಯೋಕೆ ಲಕ್ಷಗಟ್ಟಲೆ ಕಿಲೋಮೀಟರ್ ಬೇಕು, ಕಾಯೋಕೆ ಮದ್ದೂರಿಂದ ಮಂಡ್ಯ ಸಾಕು. ಶುರುವಾಗೋದು ಹೀಗೆ: ಯಾವುದೋ ಹೋಸ್ ಪೈಪಿನ ಕ್ಲಿಪ್ ಹತ್ರ ತೇವ ಕಾಣಿಸುತ್ತೆ, ಎಂಜಿನ್ ತಣ್ಣಗಿಡೋ ಕೂಲೆಂಟ್ ಸ್ವಲ್ಪ ಇಳಿದಿರುತ್ತೆ. ಓನರ್ ಮನೆ ಬೋರ್‌ವೆಲ್ ನೀರನ್ನ ಬಾಟ್ಲಲ್ಲಿ ತಂದು ತುಂಬಿಸ್ತಾರೆ. ಆವತ್ತಿಗೆ ಏನೂ ಆಗಲ್ಲ. ಮಂಡ್ಯ ಕಡೆ ಬೋರ್ ನೀರು ಎಷ್ಟು ಗಡಸು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನೀರು ಕಾಯಿಸೋ ಹಂಡೆ ಒಳಗೆ ಬಿಳೀ ಪೊರೆ ಕಟ್ಟುತ್ತಲ್ಲ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟುತ್ತೆ. ಕೂಲೆಂಟಲ್ಲಿ ತುಕ್ಕು ತಡೆಯೋ ಮದ್ದು ಇರುತ್ತೆ, ನೀರು ಸೇರಿಸಿದಷ್ಟೂ ಅದು ತೆಳ್ಳಗಾಗುತ್ತೆ. ಆಮೇಲೆ ಒಂದು ಬೇಸಿಗೆಯಲ್ಲಿ ಏಸಿ ಹಾಕ್ಕೊಂಡು, ಏಳು ಜನ ಕೂತ್ಕೊಂಡು ಬೆಟ್ಟ ಹತ್ತೋವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತೆ.

ಆಗ ಕೆಲವು ಗ್ಯಾರೇಜಿನವರು ಮಾಡೋ ಕೆಲಸ ಥರ್ಮೋಸ್ಟಾಟ್, ಅಂದ್ರೆ ಎಂಜಿನ್ ಬಿಸಿಗೆ ತಕ್ಕ ಹಾಗೆ ಕೂಲೆಂಟ್ ಬಿಡೋ ವಾಲ್ವ್, ಕಿತ್ತು ಬಿಸಾಕೋದು. ಪಾಂಡವಪುರ ಕಡೆಯ ಗಿರಾಕಿ ಒಬ್ಬರು ಬಂದು, ‘ಅದೇನೋ ವಾಲ್ ತಗುದ್ಬುಟ್ಟವ್ರೆ ಕಣಣ್ಣ, ಈಗ ಹೀಟೇ ಆಯ್ತಿಲ್ಲ’ ಅಂತ ಖುಷಿಯಲ್ಲಿದ್ರು. ಹೀಟ್ ಆಗ್ತಿಲ್ಲ ನಿಜ, ಆದ್ರೆ ಎಂಜಿನ್ ಎಷ್ಟು ಬಿಸಿ ಇರಬೇಕೋ ಅಷ್ಟಕ್ಕೂ ಬರಲ್ಲ. ಡೀಸೆಲ್ ಹೆಚ್ಚು ಕುಡಿಯುತ್ತೆ, ಸವೆತ ಹೆಚ್ಚುತ್ತೆ, ರೇಡಿಯೇಟರ್ ಕಟ್ಟಿಕೊಂಡಿರೋ ರೋಗ ಹಾಗೇ ಒಳಗಿರುತ್ತೆ. ಥರ್ಮೋಸ್ಟಾಟ್ ದುಬಾರಿ ಸಾಮಾನಲ್ಲ. ಕಾದು ಎಂಜಿನ್ನಿನ ಮೇಲ್ಭಾಗದ ಹೆಡ್ ಬೆಂಡಾಗಿ, ಅದರ ಗ್ಯಾಸ್ಕೆಟ್ ಹೋದ್ರೆ ಬರೋ ಖರ್ಚಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ನೀವು ನಾಳೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡೋ ಮೊದಲು, ಎಂಜಿನ್ ಪೂರ್ತಿ ತಣ್ಣಗಿರೋವಾಗ, ಕೂಲೆಂಟ್ ಮುಚ್ಚಳ ತೆಗೆದು ನೋಡಿ. ಬಿಸಿ ಇದ್ದಾಗ ಮುಟ್ಟಲೇಬೇಡಿ, ಮುಖಕ್ಕೆ ಹಾರುತ್ತೆ. ಹಸಿರೋ ಗುಲಾಬಿಯೋ, ಹಾಕಿದ ಬಣ್ಣವೇ ತಿಳಿಯಾಗಿ ಕಂಡ್ರೆ ಸರಿ. ಕಂದು ನೀರಾಗಿದ್ರೆ ಒಳಗೆ ತುಕ್ಕು, ಫ್ಲಶ್ ಮಾಡಿಸಿ ಹೊಸದು ಹಾಕಿಸಿ. ಮೇಲೆ ಎಣ್ಣೆ ಜಿಡ್ಡು ತೇಲ್ತಿದ್ರೆ ಆವತ್ತೇ ಗ್ಯಾರೇಜಿಗೆ ಹೋಗಿ. ಮುಚ್ಚಿ ಸ್ಟಾರ್ಟ್ ಮಾಡಿ, ಇನ್ನೊಂದು ಪರೀಕ್ಷೆ: ಐಡಲ್‌ನಲ್ಲಿ ಓಡ್ತಿರೋವಾಗ ಎಂಜಿನ್ ಆಯಿಲ್ ಹಾಕೋ ಮುಚ್ಚಳ ಸಡಿಲಿಸಿ. ಸಣ್ಣಗೆ ಗಾಳಿ ಬರೋದು ಸಹಜ. ಮುಚ್ಚಳ ಕುಣಿಯೋ ಹಾಗೆ ಬುಸುಬುಸು ಹೊಗೆ ಬಂದ್ರೆ ಎಂಜಿನ್ ಒಳಗಿನ ಪಿಸ್ಟನ್ ರಿಂಗ್, ಸಿಲಿಂಡರ್ ಬೋರ್ ಸವೆದಿರಬಹುದು. 1.7 ಲಕ್ಷಕ್ಕೆ, ಅದೂ ಸರ್ವಿಸ್ ತಪ್ಪದ ಗಾಡಿಯಲ್ಲಿ ಹಾಗಾಗಬಾರದು.

ಆಯಿಲ್ ಬಗ್ಗೆ ಎಲ್ಲರೂ ಹೇಳ್ತಾರೆ, ನಾನು ಉದ್ದ ಮಾಡಲ್ಲ. 10 ಸಾವಿರ ಕಿ.ಮೀ. ಇಲ್ಲ ಒಂದು ವರ್ಷ, ಯಾವುದು ಮೊದಲೋ ಅದು. ವರ್ಷಕ್ಕೆ ನಾಲ್ಕೇ ಸಾವಿರ ಓಡಿದ್ರೂ ಬದಲಿಸಿ. ಆದ್ರೆ ಡೂಪ್ಲಿಕೇಟ್ ಫಿಲ್ಟರ್ ಬೇಡ. ಅಸಲಿ ಡಬ್ಬದಷ್ಟೇ ಅಚ್ಚುಕಟ್ಟಾದ ನಕಲಿ ಡಬ್ಬ ನಮ್ಮ ಮಾರ್ಕೆಟ್ಟಲ್ಲೂ ಓಡಾಡುತ್ತೆ, ಅರ್ಧ ರೇಟಿಗೆ ಕೊಡ್ತೀನಿ ಅಂದ್ರೆ ಅಲ್ಲೇ ಅನುಮಾನ ಪಡಿ. ಬಿಲ್ ಕೊಡದ ಕಡೆ ತಗೋಬೇಡಿ, ನನ್ನ ಅಂಗಡಿ ಆದ್ರೂ ಅಷ್ಟೆ.

ಎಂಜಿನ್ನಿನ ವಾಲ್ವ್, ಪಿಸ್ಟನ್ ತಾಳ ತಪ್ಪದ ಹಾಗೆ ಓಡಿಸೋಕೆ ಟೈಮಿಂಗ್ ಬೆಲ್ಟ್ ಇದ್ಯಾ, ಚೈನ್ ಇದ್ಯಾ ಅಂತ ತಿಳ್ಕೊಳ್ಳಿ. ಡಸ್ಟರ್ 1.5 ಡೀಸೆಲ್, ಹಳೇ 2.5 ಇನೋವಾ ಬೆಲ್ಟಿನವು. ಸ್ಕಾರ್ಪಿಯೊ, ಎಕ್ಸ್‌ಯುವಿ 500ಗಳ ಎಂಹಾಕ್ ಎಂಜಿನ್ನಿಗೆ ಚೈನು. ಬೆಲ್ಟಿಗೆ ಕಿಲೋಮೀಟರ್ ಜೊತೆ ವರ್ಷದ ಲೆಕ್ಕವೂ ಇದೆ. ನಿಮ್ಮದು ಬೆಲ್ಟ್ ಆಗಿದ್ದು 2013ರಿಂದ ಒಂದ್ಸಲನೂ ಬದಲಾಗಿಲ್ಲ ಅಂದ್ರೆ ಈ ಉತ್ತರ ಓದೋದು ಬಿಟ್ಟು ಮೊದಲು ಅದನ್ನ ಮಾಡಿಸಿ. ಓಡ್ತಾ ಓಡ್ತಾ ಅದು ತುಂಡಾದ್ರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತೆ. ಇನ್ನೊಂದು ಅಭ್ಯಾಸ: ಬೆಂಗಳೂರು ಹೈವೇಲಿ ಒಂದೇ ಸಮ ಓಡಿಸ್ಕೊಂಡು ಬಂದು ಇಡ್ಲಿ ತಿನ್ನೋಕೆ ನಿಲ್ಲಿಸಿದ ತಕ್ಷಣ ಕೀ ತಿರುಗಿಸಬೇಡಿ. ಅರ್ಧ-ಒಂದು ನಿಮಿಷ ಐಡಲ್ ಬಿಡಿ, ಟರ್ಬೊ ತಣಿಯಲಿ.

ವಯಸ್ಸಾದ ಗಾಡಿಗೆ ನಮ್ಮ ಕಡೆ ಇನ್ನೆರಡು ಶತ್ರುಗಳು. ಒಂದು ಇಲಿ. ಕಬ್ಬಿನ ಗದ್ದೆ ಪಕ್ಕ, ಹುಲ್ಲಿನ ಮೆದೆ ಪಕ್ಕ ವಾರಗಟ್ಟಲೆ ನಿಲ್ಲಿಸಿದ ಗಾಡಿಯ ಬಾನೆಟ್ ತೆಗೆದ್ರೆ ಬ್ಯಾಟರಿ ಹಿಂದೆ ಗೂಡು ಇರುತ್ತೆ. ವೈರಿಂಗ್ ಹಾರ್ನೆಸ್ ಕಡಿದ್ರೆ ಖರ್ಚು ಸಣ್ಣದಲ್ಲ. ಹೊಗೆಸೊಪ್ಪು ಕಟ್ಟಿ ಇಡ್ತಾರೆ, ಅದರಿಂದ ಸ್ವಲ್ಪ ಉಪಯೋಗ ಇರಬಹುದು. ಎರಡು-ಮೂರು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡೋದು, ಗಾಡಿ ತೆಗೆದು ಓಡಾಡಿಸೋದು ಅದಕ್ಕಿಂತ ಮೇಲು. ಎರಡನೇ ಶತ್ರು ಆಯುಧಪೂಜೆ. ತಮಾಷೆ ಅಲ್ಲ. ಹಬ್ಬದ ಹಿಂದಿನ ದಿನ ವಾಟರ್ ಸರ್ವಿಸ್‌ನವರು ಎಂಜಿನ್ ಫಳಫಳ ಅನ್ನಲಿ ಅಂತ ಪ್ರೆಷರ್ ಗನ್ ನೇರವಾಗಿ ಆಲ್ಟರ್ನೇಟರ್, ಕನೆಕ್ಟರ್‌ಗಳ ಮೇಲೆ ಹಿಡೀತಾರೆ. ಹಬ್ಬ ಮುಗಿದ ವಾರ ನಮ್ಮಲ್ಲಿ ಸೆನ್ಸರ್ ವ್ಯಾಪಾರ ಜೋರು. ಗಾಡಿ ಕೆಳಗಿನ ಕೆಸರು ತೊಳೆಸಿ, ಬಾಗಿಲ ಅಡಿಯ ನೀರು ಹೋಗೋ ತೂತುಗಳನ್ನ ಬಿಡಿಸಿ. ಎಂಜಿನ್ನಿಗೆ ಒದ್ದೆ ಬಟ್ಟೆ ಸಾಕು. ತುಕ್ಕಿನ ವಿಷಯದಲ್ಲಿ ಮಂಗಳೂರಿನವರಿಗಿರೋ ಕಡಲ ಗಾಳಿ ಕಾಟ ನಮಗಿಲ್ಲ, ಆ ಪುಣ್ಯವನ್ನ ಕೆಸರು ಬಿಟ್ಟು ಕಳ್ಕೋಬೇಡಿ.

ಮಾರೋದಾ ಇಟ್ಕೊಳ್ಳೋದಾ ಅನ್ನೋದಕ್ಕೆ ಹೀಗೆ ಲೆಕ್ಕ ಹಾಕಿ. ಹೊಸದಕ್ಕೆ 12 ಲಕ್ಷ ಸಾಲ, ಐದು ವರ್ಷ, ಶೇ. 9 ಬಡ್ಡಿ ಅಂದ್ರೆ ತಿಂಗಳಿಗೆ ಸುಮಾರು 25 ಸಾವಿರ ಕಂತು, ವರ್ಷಕ್ಕೆ 3 ಲಕ್ಷ. ನಿಮ್ಮ ಗಾಡಿಗೆ ಒಂದೇ ವರ್ಷದಲ್ಲಿ ಕ್ಲಚ್, ಲೋಯರ್ ಆರ್ಮ್, ಶಾಕ್ ಅಬ್ಸಾರ್ಬರ್, ನಾಲ್ಕೂ ಟೈರ್ ಎಲ್ಲ ಹಾಕಿಸಿದ್ರೂ ಸಾಮಾನ್ಯವಾಗಿ ಅಷ್ಟಾಗಲ್ಲ, ಮುಂದಿನ ವರ್ಷ ಆ ಖರ್ಚು ಮತ್ತೆ ಬರೋದೂ ಇಲ್ಲ. ಅಂದಹಾಗೆ ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಗ್ರಿಪ್ ಗುಂಡಿ ಇನ್ನೂ ಸವೆದಿಲ್ಲ ಅಂತ ಹಳೇ ಟೈರಲ್ಲಿ ಎಕ್ಸ್‌ಪ್ರೆಸ್‌ವೇ ಹತ್ತಬೇಡಿ, ಆರು ವರ್ಷ ದಾಟಿದ್ರೆ ಬದಲಿಸಿ. ಮನೇಲಿ ದಿನಾ ಸಿಟಿ ಒಳಗೆ ನಾಲ್ಕೈದು ಕಿ.ಮೀ. ಓಡಾಟ ಮಾತ್ರ ಅಂದ್ರಂತೂ ಹೊಸ ಡೀಸೆಲ್ ತಗೊಳ್ಳೋದೇ ಬೇಡ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮ) ಡೀಸೆಲ್‌ಗಳಲ್ಲಿ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ, ಅದು ಸುಟ್ಟು ಶುಚಿಯಾಗೋಕೆ ಆಗಾಗ ಹೈವೇ ಓಟ ಬೇಕು. ಆ ತಲೆನೋವು ನಿಮ್ಮ 2013ಕ್ಕೆ ಇಲ್ಲ.

ನಾನು ಮಾರಿ ಅನ್ನೋದು ಎರಡು ಸಂದರ್ಭದಲ್ಲಿ. ಚಾಸಿ ಬೆಂಡಾಗಿದ್ರೆ, ಇಲ್ಲ ತುಕ್ಕು ತಿಂದಿದ್ರೆ ಒಂದು. ಏರ್‌ಬ್ಯಾಗ್, ಎಬಿಎಸ್ ಎರಡೂ ಇಲ್ಲದ ಬೇಸ್ ಮಾಡೆಲ್ ಆಗಿದ್ದು, ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗೋರಾದ್ರೆ ಇನ್ನೊಂದು. ಆಗ ಎಂಜಿನ್ ಎಷ್ಟು ಚೆನ್ನಾಗಿದ್ರೂ ನಾನು ಇಟ್ಕೊಳ್ಳಲ್ಲ.

ಹತ್ತು ವರ್ಷದ ಮಾತು ದೆಹಲಿ ಸುತ್ತಮುತ್ತಲಿನದು. 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದನ್ನ 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡೀತು. ಅದು ಕೆಎ-11ಕ್ಕೆ, ಅಂದ್ರೆ ನಿಮ್ಮ ಮಂಡ್ಯದ ಗಾಡಿಗೆ ಅನ್ವಯ ಆಗಲ್ಲ. ಅಲ್ಲಿಂದ ಕಡಿಮೆ ರೇಟಿಗೆ ಬರೋ ಗಾಡಿಗಳ ಆಸೆಗೆ ಬೀಳೋರಿಗೆ ಒಂದು ಮಾತು: ಎನ್‌ಒಸಿ ತಂದು ಇಲ್ಲಿ ನೋಂದಾಯಿಸೋವಾಗ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಬೇರೆ ಕಟ್ಟಬೇಕು. ನಮ್ಮಲ್ಲಿ ಸ್ವಂತ ಗಾಡಿಯ ಆರ್‌ಸಿ 15 ವರ್ಷಕ್ಕೆ ಇರುತ್ತೆ, ಆಮೇಲೆ ಎಫ್‌ಸಿ (ಫಿಟ್‌ನೆಸ್ ತಪಾಸಣೆ) ಪಾಸಾದ್ರೆ ಐದೈದು ವರ್ಷಕ್ಕೆ ಮುಂದುವರಿಸಬಹುದು. ಮೊದಲು 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ. 20 ವರ್ಷ ದಾಟಿದ್ರೆ 2025ರಿಂದ 10,000. ಹಸಿರು ತೆರಿಗೆ ಬೇರೆ.

ನಿಮ್ಮ ಗಾಡಿಯ ನವೀಕರಣ 2028ಕ್ಕೆ ಬರುತ್ತೆ. ಅವಧಿ ಮುಗಿಯೋಕೆ ಮೊದಲಿನ 60 ದಿನದ ಒಳಗೆ ಫಾರಂ 25, ಅಂದ್ರೆ ನವೀಕರಣದ ಅರ್ಜಿ ಹಾಕಬಹುದು, ಅದಕ್ಕೂ ಮುಂಚೆ ತಗೊಳ್ಳಲ್ಲ. ಅಲ್ಲೀವರೆಗೆ ಒಂದು ಕೆಲಸ ಮಾಡಿಟ್ಕೊಳ್ಳಿ: ಸಾಲ ಯಾವತ್ತೋ ತೀರಿದ್ರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರೋದು ಬಹಳ ಗಾಡಿಗಳಲ್ಲಿ ಇದೆ. ಇದ್ರೆ ಬ್ಯಾಂಕಿಂದ ಎನ್‌ಒಸಿ, ಸಾಲ ತೀರಿದ್ದಕ್ಕೆ ಕೊಡೋ ಫಾರಂ 35 ಈಗಲೇ ತಗೊಂಡು ಆ ಹೆಸರು ತೆಗೆಸಿಬಿಡಿ. ಗಾಡಿ ಯಾವುದು ಅಂತ ತಿಳಿಸಿ, ಯಾವ ಪಾರ್ಟ್ ಈಗಲೇ ತಂದಿಟ್ಕೊಂಡ್ರೆ ಒಳ್ಳೇದು ಅಂತ ಹೇಳ್ತೀನಿ.