‘ಮಂಜಿನ ಮೇಲಿನ ಸಿಡಿಲು’: ಲೇಖಕರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಉತ್ತರ ಅಮೆರಿಕದ ಐಸ್ ಹಾಕಿ ಪಂದ್ಯಾವಳಿಯಾದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ 22 ಋತುಗಳನ್ನು ಆಡಿದ ಕೆನಡಾದ ಡಿಫೆನ್ಸ್‌ಮನ್ (ರಕ್ಷಣೆಯ ಆಟಗಾರ) ಸ್ಕಾಟ್ ಸ್ಟೀವನ್ಸ್ ಕುರಿತು ನೀವು ಕಳಿಸಿದ ‘ಮಂಜಿನ ಮೇಲಿನ ಸಿಡಿಲು’ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಸಾಧ್ಯವಿಲ್ಲ. ಮಾಹಿತಿ ಸಾಕಷ್ಟಿದೆ, ವಿಶೇಷಣಗಳದೇ ಅತಿವೃಷ್ಟಿ. ಮೊದಲ ಪುಟ ಮುಗಿಯುವುದರೊಳಗೆ ಅವರು ಹುಲಿ, ಬಂಡೆ, ಯಮ ಮೂರೂ ಆಗಿಬಿಟ್ಟಿದ್ದಾರೆ.

ಅವರ ಒರಟುತನಕ್ಕೆ ಸಾಕ್ಷಿಯೆಂದು 2,785 ಪೆನಾಲ್ಟಿ ನಿಮಿಷಗಳನ್ನು (ತಪ್ಪಿಗೆ ಶಿಕ್ಷೆಯಾಗಿ ವಿಧಿಸುವ ಸಮಯ) ಮುಂದಿಟ್ಟಿದ್ದೀರಿ. ಅಂಕಿ ಸರಿ, ತೀರ್ಮಾನ ಸರಿಯಿಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಾಷಿಂಗ್ಟನ್ ತಂಡದಲ್ಲಿದ್ದ ಮೊದಲ ಎಂಟು ಋತುಗಳದ್ದು. ಜನ ಇಂದಿಗೂ ಮಾತಾಡುವ ಡಿಕ್ಕಿಗಳಾದರೋ ಅವರು ನ್ಯೂಜೆರ್ಸಿ ಡೆವಿಲ್ಸ್ ಸೇರಿದ ಮೇಲಿನವು.

2000ರ ಮೇ 26ರಂದು ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡದ ವಿರುದ್ಧ ಫಿಲಡೆಲ್ಫಿಯಾದಲ್ಲಿ ನಡೆದ, ಸರಣಿಯ ಏಳನೆಯ ಹಾಗೂ ಕೊನೆಯ ಪಂದ್ಯವನ್ನೇ ನೋಡಿ. ತಲೆಗೆ ಪೆಟ್ಟಾಗಿ ವಾರಗಟ್ಟಲೆ ಹೊರಗಿದ್ದ ಫ್ಲೈಯರ್ಸ್ ಆಟಗಾರ ಎರಿಕ್ ಲಿಂಡ್ರೋಸ್ ಮರಳಿ ಬಂದ ಮೇಲೆ ಅದು ಎರಡನೆಯ ಪಂದ್ಯ. ಪಕ್ಕನ್ನು (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆಯನ್ನು) ಕೋಲಿನ ತುದಿಯಲ್ಲಿಟ್ಟುಕೊಂಡು, ಕಣ್ಣು ಅದರ ಮೇಲೇ ನೆಟ್ಟು, ತಲೆ ತಗ್ಗಿಸಿ ಅವರು ಎದುರಾಳಿಯ ವಲಯದ ಅಂಚಿನ ನೀಲಿ ಗೆರೆ ದಾಟುತ್ತಿದ್ದಾಗ, ಎದುರಿನಿಂದ ಅಡ್ಡ ಬಂದ ಸ್ಟೀವನ್ಸ್‌ರ ಭುಜ ಅವರ ತಲೆಗೆ ಬಡಿಯಿತು. ನೀವು ಇದಿಷ್ಟನ್ನೂ ‘ಸಿಡಿಲಿನಂತೆ ಎರಗಿದರು’ ಎಂದು ಮುಗಿಸಿದ್ದೀರಿ. ಮಂಜುಗಡ್ಡೆಯ ಅಂಗಣವನ್ನೇ ಕಾಣದ ನಮ್ಮ ಓದುಗರಿಗೆ ಆ ತಗ್ಗಿದ ತಲೆ ಕಾಣಬೇಡವೇ? ಲಿಂಡ್ರೋಸ್ ಮತ್ತೆಂದೂ ಆ ತಂಡದ ಪರ ಆಡಲಿಲ್ಲ. ಸ್ಟೀವನ್ಸ್‌ಗೆ ಎರಡು ನಿಮಿಷದ ಪೆನಾಲ್ಟಿಯೂ ಬೀಳಲಿಲ್ಲ, ಏಕೆಂದರೆ ಪಕ್ ಹೊತ್ತವನಿಗೆ ಭುಜದಿಂದ ಹಾಗೆ ಗುದ್ದುವುದು ಅಂದಿನ ನಿಯಮದಲ್ಲಿ ತಪ್ಪಾಗಿರಲಿಲ್ಲ. ಕಣ್ಣಿಗೆ ಬೀಳದ ಕಡೆಯಿಂದ ಬಂದು ತಲೆಗೆ ಹೊಡೆಯುವುದರ ವಿರುದ್ಧ ಲೀಗ್ ನಿಯಮ ತಂದದ್ದೇ 2010ರಲ್ಲಿ. ನಿಮ್ಮ ಲೇಖನದ ಜೀವ ಇರುವುದು ಈ ‘ತಪ್ಪಾಗಿರಲಿಲ್ಲ’ ಎಂಬಲ್ಲಿ. ಅದನ್ನು ನೀವು ಮುಟ್ಟಿಯೇ ಇಲ್ಲ.

ನ್ಯೂಜೆರ್ಸಿ ಬಿಟ್ಟು ಸ್ಟೀವನ್ಸ್ ಆಗ ಇದ್ದ ಸೇಂಟ್ ಲೂಯಿಸ್ ತಂಡ ಸೇರಿದ ಬ್ರೆಂಡನ್ ಶಾನಹನ್‌ಗೆ ಪರಿಹಾರವಾಗಿ 1991ರಲ್ಲಿ ಮಧ್ಯಸ್ಥಗಾರರು ಸ್ಟೀವನ್ಸ್‌ರನ್ನೇ ನ್ಯೂಜೆರ್ಸಿಗೆ ಕೊಟ್ಟ ಪ್ರಸಂಗಕ್ಕೆ ಎರಡು ಪುಟ ಹೆಚ್ಚಾಯಿತು. (ನನಗೂ ಅದು ಇಷ್ಟದ ಕಥೆಯೇ, ಆದರೆ ಬೇರೆ ಲೇಖನಕ್ಕೆ.) 1995, 2000 ಮತ್ತು 2003ರಲ್ಲಿ ಗೆದ್ದ, ಲೀಗ್‌ನ ಚಾಂಪಿಯನ್ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್‌ಗಳಿಗೆ ಒಂದು ವಾಕ್ಯ ಸಾಕು. ಆದರೆ 1993–94ರಲ್ಲಿ ರಕ್ಷಣೆಯ ಆಟಗಾರರಾಗಿದ್ದೂ 78 ಅಂಕ (ಗೋಲು ಮತ್ತು ಗೋಲಿಗೆ ನೆರವು ಸೇರಿ) ಗಳಿಸಿ ತಮ್ಮ ತಂಡದಲ್ಲೇ ಮೊದಲಿಗರಾದದ್ದನ್ನು ಬಿಡಬೇಡಿ. ಬರೀ ಗುದ್ದುವವರೆಂದು ತಿಳಿದ ಓದುಗರು ಅಲ್ಲಿ ನಿಲ್ಲುತ್ತಾರೆ.

ಕೊನೆಯಲ್ಲಿ ‘ಗಾಯದಿಂದಾಗಿ 2004ರಲ್ಲಿ ನಿವೃತ್ತರಾದರು’ ಎಂದಿದ್ದೀರಿ. ಆ ವರ್ಷದ ಜನವರಿಯಲ್ಲಿ ಆಡಿದ್ದು ಕೊನೆಯ ಪಂದ್ಯ. ನಿವೃತ್ತಿ ಘೋಷಿಸಿದ್ದು 2005ರಲ್ಲಿ. ಇನ್ನು, ಆ ಗಾಯ ಯಾವುದು? ಮೆದುಳಿಗಾದ ಆಘಾತದ ನಂತರ ಬಿಡದೆ ಕಾಡುವ ತೊಂದರೆ; ಲಿಂಡ್ರೋಸ್‌ರನ್ನು ಮಂಜಿನ ಮೇಲೆ ಕೆಡವಿದ್ದೂ ಮೆದುಳಿನ ಆಘಾತವೇ. ಅದನ್ನು ಬರೀ ‘ಗಾಯ’ ಎಂದು ಹೇಗೆ ಬರೆದಿರೋ ತಿಳಿಯದು.

ತಿದ್ದುವುದಾದರೆ ಲಿಂಡ್ರೋಸ್ ತಲೆ ತಗ್ಗಿಸಿದ ಕ್ಷಣದಿಂದ ಆರಂಭಿಸಿ, 2004ರ ಜನವರಿಗೆ ಕನಿಷ್ಠ ಒಂದು ಪುಟ ಕೊಡಿ. ಹುಲಿಯನ್ನೂ ಯಮನನ್ನೂ ನಾವೇ ಹೊಡೆದುಹಾಕಿದ್ದೇವೆ.

ತಮ್ಮ ವಿಶ್ವಾಸಿ,
ಸಂಪಾದಕ