‘ಪಾಲು’ ಕಥೆ ಕಳುಹಿಸಿದವರಿಗೆ

ಮಾನ್ಯರೇ,

ನಿಮ್ಮ ‘ಪಾಲು’ ಕಥೆಯನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ಅದನ್ನು ಸುಮ್ಮನೆ ಹಿಂದಿರುಗಿಸಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಅದರೊಳಗೆ ನಿಜವಾದ ಒಂದು ಕಥೆಯಿದೆ. ಜೊತೆಗಿದ್ದ ಪತ್ರದಲ್ಲಿ ನೀವು, ಕಥೆ ಹೇಳುವ ಶಕ್ತಿ ಹುಟ್ಟಿನಿಂದ ಬರುವಂಥದು, ಅದನ್ನು ಯಾರೂ ಕಲಿಸಲಾರರು, ಆದ್ದರಿಂದ ಮನಸ್ಸಿಗೆ ಬಂದದ್ದನ್ನು ಬಂದ ಹಾಗೆಯೇ ಬರೆದು ಕಳುಹಿಸಿದ್ದೇನೆ ಎಂದಿದ್ದೀರಿ. ನಿಮ್ಮ ಕಥೆಯ ತೊಡಕುಗಳಲ್ಲಿ ಹೆಚ್ಚಿನವು ಈ ನಂಬಿಕೆಯಿಂದಲೇ ಹುಟ್ಟಿವೆ.

ಕರಾವಳಿಯ ತಾಳಮದ್ದಳೆಯನ್ನು ನೋಡಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಯೇ ಅದಕ್ಕೆ ಮಾತು ಕಟ್ಟುತ್ತಾರೆ. ಕರ್ಣನಿಗೆ ಕೊನೆಯಲ್ಲಿ ಏನಾಗುತ್ತದೆ ಎಂಬುದು ಸಭೆಯಲ್ಲಿರುವ ಮಕ್ಕಳಿಗೂ ಗೊತ್ತು, ಆದರೂ ಜನ ಗಂಟೆಗಟ್ಟಲೆ ಕೂರುತ್ತಾರೆ. ಯಾವ ಮಾತನ್ನು ಪೀಠಿಕೆಯಲ್ಲಿಯೇ ಆಡಬೇಕು, ಯಾವುದನ್ನು ಎದುರಾಳಿ ಕೆಣಕುವವರೆಗೆ ತಡೆದಿಟ್ಟುಕೊಳ್ಳಬೇಕು ಎಂಬ ವಿವೇಕವನ್ನು ಅರ್ಥಧಾರಿಗಳು ಸಣ್ಣ ಪಾತ್ರಗಳಿಂದ ತೊಡಗಿ, ಹಿರಿಯರ ಪಕ್ಕದಲ್ಲಿ ಕುಳಿತು, ಕೇಳಿ, ಆಡಿ, ತಿದ್ದಿಸಿಕೊಂಡು ಗಳಿಸುತ್ತಾರೆ. ಪ್ರತಿಭೆಯಲ್ಲಿ ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ವಿವೇಕ ಮಾತ್ರ ಕಲಿಕೆಯಿಂದ ಬರುವಂಥದು.

ಈಗ ನಿಮ್ಮ ಕಥೆಗೆ ಬರುತ್ತೇನೆ. 2012ರಲ್ಲಿ, ತಂದೆ ತೀರಿಕೊಂಡ ಮರುವರ್ಷ, ಇಬ್ಬರು ತಮ್ಮಂದಿರು ಅಡಿಕೆ ತೋಟವನ್ನು ಪಾಲು ಮಾಡಿಕೊಳ್ಳಲು ಹೊರಟು, ಮದುವೆಯಾಗಿ ದೂರದ ಊರಿನಲ್ಲಿರುವ ಅಕ್ಕನನ್ನು ಕರೆಸಿಕೊಳ್ಳುತ್ತಾರೆ. ಅವಳು ಬಂದು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಸಂಜೆಯ ಬಸ್ಸಿಗೆ ಹಿಂದಿರುಗುತ್ತಾಳೆ. ಕಥೆಯೆಂದರೆ ಇಷ್ಟೇ, ಮತ್ತು ಇಷ್ಟು ಧಾರಾಳವಾಗಿ ಸಾಕು. ಆದರೆ ಮೊದಲ ಎರಡು ಪುಟಗಳನ್ನು ನೀವು ಮಳೆಯ ವರ್ಣನೆಗೆ ಕೊಟ್ಟಿದ್ದೀರಿ, ನಂತರದ ಮೂರನ್ನು ಮನೆತನದ ಇತಿಹಾಸಕ್ಕೆ, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಮಾತ್ರ ಒಂದೇ ಒಂದು ವಾಕ್ಯ: “ಅಕ್ಕ ಭಾರವಾದ ಮನಸ್ಸಿನಿಂದ ಸಹಿ ಹಾಕಿದಳು.” ಓದುಗ ಯಾವುದಕ್ಕಾಗಿ ಕಾಯುತ್ತಿದ್ದನೋ ಅದನ್ನು ವರದಿ ಮಾಡಿ ಮುಗಿಸಿದ್ದೀರಿ, ಯಾವುದನ್ನು ವರದಿಯಲ್ಲಿ ಮುಗಿಸಬಹುದಿತ್ತೋ ಅದನ್ನು ದೃಶ್ಯವಾಗಿ ಹಿಗ್ಗಿಸಿದ್ದೀರಿ. ಯಾವುದನ್ನು ಕಣ್ಣೆದುರು ನಡೆಸಬೇಕು, ಯಾವುದನ್ನು ಹೇಳಿ ದಾಟಬೇಕು ಎಂಬ ತೀರ್ಮಾನ ಕಥೆಗಾರನ ಮೊದಲ ಕೆಲಸ.

ನಮ್ಮ ನಾಟ್ಯಶಾಸ್ತ್ರ ಇತಿವೃತ್ತವನ್ನು, ಅಂದರೆ ಕಥೆಯ ನಡೆಯನ್ನು, ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂದು ಐದು ಸಂಧಿಗಳಾಗಿ, ಎಂದರೆ ಘಟ್ಟಗಳಾಗಿ, ಬಿಡಿಸಿದೆ. ಮುಖದಲ್ಲಿ ಬೀಜ ಬೀಳಬೇಕು, ಗರ್ಭದಲ್ಲಿ ಅದು ಕೈಗೆ ಸಿಕ್ಕಂತಾಗಿ ತಪ್ಪಿಹೋಗಿ ಮತ್ತೆ ಹುಡುಕಿಸಿಕೊಳ್ಳಬೇಕು. ಅದು ನಾಟಕಕ್ಕೆ ಹೇಳಿದ್ದಾದರೂ ನಿಮ್ಮ ಕಥೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿ. ನಿಮ್ಮ ಬೀಜ ಅಕ್ಕನಿಗೆ ಬರುವ ದೂರವಾಣಿ ಕರೆ, ಅದು ಬೀಳುವುದು ಆರನೆಯ ಪುಟದಲ್ಲಿ. ಗರ್ಭವಂತೂ ಇಲ್ಲವೇ ಇಲ್ಲ, ಏಕೆಂದರೆ ಅವಳು ಸಹಿ ಹಾಕದೆಯೂ ಇರಬಹುದು ಎಂಬ ಅನುಮಾನ ಕಥೆಯಲ್ಲಿ ಯಾರಿಗೂ, ಅವಳಿಗೂ ಸಹ, ಒಂದು ಗಳಿಗೆಯೂ ಬರುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲಿದೆ. ತಮ್ಮಂದಿರು ಅವಳನ್ನು ಕರೆಸಿದ್ದು ಪ್ರೀತಿಯಿಂದಲೇ ಇರಬಹುದು, ಆದರೆ ಅವಳ ಸಹಿಯಿಲ್ಲದೆ ಅವರ ಕೆಲಸ ನಡೆಯುವುದಿಲ್ಲ. ಅಂದರೆ ಆ ಒಂದು ದಿನದ ಮಟ್ಟಿಗೆ ಮನೆಯಲ್ಲಿ ಎಲ್ಲರಿಗಿಂತ ಬಲವುಳ್ಳವಳು ಅವಳೇ. ತಮ್ಮನ ಹೆಂಡತಿ ಅಂದು ಎರಡನೆಯ ಸಲ ಕಾಫಿ ತಂದುಕೊಡುವುದನ್ನು ನೀವೇ ಬರೆದಿದ್ದೀರಿ. ಅದೇಕೆಂದು ಅಕ್ಕನಿಗೆ ಹೊಳೆಯುವಂತೆ ಮಾಡಿದ್ದರೆ ಕಥೆ ಅಲ್ಲಿಯೇ ಎದ್ದು ನಿಲ್ಲುತ್ತಿತ್ತು.

ಇನ್ನೊಂದು ತೊಡಕು, ಯಾರ ಕಣ್ಣಿನಿಂದ ನೋಡುತ್ತಿದ್ದೀರಿ ಎಂಬುದು. ಒಂದೇ ಪ್ಯಾರಾದೊಳಗೆ ಅಕ್ಕನ ದುಃಖ, ಹಿರಿಯ ತಮ್ಮನ ನಾಚಿಕೆ, ಕಿರಿಯನ ಲೆಕ್ಕಾಚಾರ ಎಲ್ಲವೂ ಬಿಚ್ಚಿಟ್ಟಿರುವುದರಿಂದ ಓದುಗನಿಗೆ ಊಹಿಸಲು ಏನೂ ಉಳಿದಿಲ್ಲ. ಅಕ್ಕನೊಬ್ಬಳ ಜೊತೆಯಲ್ಲಿಯೇ ನಿಂತುಬಿಡಿ. ತಮ್ಮಂದಿರ ಮನಸ್ಸು ಅವಳಿಗೆ ಎಷ್ಟು ಕಂಡೀತೋ ಅಷ್ಟೇ ನಮಗೂ ಕಾಣಲಿ.

ಇಡೀ ಕಥೆಯನ್ನು ಈಗಲೇ ತಿದ್ದಲು ಹೋಗಬೇಡಿ. ಆ ಕಚೇರಿಯ ದೃಶ್ಯವೊಂದನ್ನೇ ನಾಲ್ಕು ಪುಟಗಳಲ್ಲಿ ಬರೆಯಿರಿ. ಅದಕ್ಕೆ ಮೊದಲು ನಿಮ್ಮ ತಾಲ್ಲೂಕಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದು ಬೆಳಗ್ಗೆ ಕುಳಿತು ನೋಡಿ: ಪತ್ರ ಬರಹಗಾರರು ಹೇಗೆ ಮಾತಾಡುತ್ತಾರೆ, ಸಾಕ್ಷಿಗಳು ಎಲ್ಲಿ ನಿಲ್ಲುತ್ತಾರೆ, ಕ್ಯಾಮೆರಾದ ಮುಂದೆ ಕೂರಿಸಿ ಫೋಟೊ ತೆಗೆಯುವಾಗ, ಹೆಬ್ಬೆಟ್ಟಿನ ಗುರುತು ಪಡೆಯುವಾಗ ಜನರ ಮುಖ ಹೇಗಾಗುತ್ತದೆ. ದೃಶ್ಯದಲ್ಲಿ ‘ದುಃಖ’, ‘ನೋವು’, ‘ಭಾರವಾದ ಮನಸ್ಸು’ ಎಂಬ ಯಾವ ಮಾತೂ ಬೇಡ. ಕಂಡದ್ದು, ಕೇಳಿದ್ದು, ಆಡಿದ್ದು ಮಾತ್ರ ಇರಲಿ. ಬರೆದ ಮೇಲೆ ಗಟ್ಟಿಯಾಗಿ ಓದಿ, ನಾಲಗೆ ತಡವರಿಸಿದಲ್ಲೆಲ್ಲ ಗುರುತು ಹಾಕಿ ತಿದ್ದಿ.

ಆ ನಾಲ್ಕು ಪುಟಗಳನ್ನು ನನಗೆ ಕಳುಹಿಸಿ. ಮಳೆಯ ವರ್ಣನೆಯಲ್ಲಿ ಯಾವ ಸಾಲುಗಳನ್ನು ಉಳಿಸಿಕೊಳ್ಳಬಹುದು ಎಂಬುದನ್ನು ಆಮೇಲೆ ಕೂಡಿಯೇ ನೋಡೋಣ.

ಇತಿ,
ಸಂಪಾದಕ